ಕಾಪು ದೀಪಸ್ತಂಭ: ಕುಂಬಳೆಯಿಂದ ಅಷ್ಟು ದೂರ ಹೋಗಬಹುದಾ?

"ಕಡಲು ನೋಡ್ಲಿಕ್ಕೆ ಕಾಪುವಿಗೆ ಯಾಕೆ? ಕೊಯಿಪಾಡಿಯಲ್ಲಿ ಇಲ್ವಾ?" ಎಂದು ಅತ್ತೆ ಕೇಳಿದರು. ಕೊಯಿಪಾಡಿ ಕಡಲತೀರ ಪಕ್ಕದಲ್ಲೇ ಇರುವ ಕುಂಬಳೆಯವರಿಗೆ ಆ ಪ್ರಶ್ನೆ ಸರಿಯೇ. ಬರೀ ಕಡಲಿಗಾದರೆ ಹೋಗಬೇಡಿ. ಉಡುಪಿ ಜಿಲ್ಲೆಯ ಕಾಪುವಿನ ದೀಪಸ್ತಂಭ ಹತ್ತಲಿಕ್ಕೆ ಹೋಗಿ.

ಇದನ್ನು ಬ್ರಿಟಿಷರು ಕಟ್ಟಿಸಿದ್ದು 1901ರಲ್ಲಿ. ಆಗ ಕಾಪುವೂ ನಮ್ಮ ಕಾಸರಗೋಡೂ ಒಂದೇ ಜಿಲ್ಲೆ, ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ. ಮಂಗಳೂರಿಗೆ ರೈಲು ಬಂದದ್ದೇ 1907ರಲ್ಲಿ. ಹಂಚು, ಕಾಫಿ ಎಲ್ಲ ದೂರದೂರಿಗೆ ಕಡಲ ದಾರಿಯಲ್ಲೇ ಹೋಗುತ್ತಿದ್ದ ಕಾಲ. ಕತ್ತಲಲ್ಲಿ ಹಡಗು, ಮಚವೆ (ಹಾಯಿದೋಣಿ) ನಡೆಸುವವರಿಗೆ ದಡ ಎಲ್ಲಿ, ಬಂಡೆ ಎಲ್ಲಿ ಅಂತ ಗೊತ್ತಾಗಬೇಕಲ್ವಾ?

ಬಂಡೆಯ ಮೇಲೆ ನಿಂತ ಗೋಪುರದ ಎತ್ತರ ಸುಮಾರು 27 ಮೀಟರ್. ಒಳಗೆ ಸುತ್ತು ಮೆಟ್ಟಿಲು. ಮೇಲೆ ಹೋದ ಹಾಗೆ ಜಾಗ ಕಿರಿದಾಗುತ್ತದೆ. ಇಳಿಯುವವರು ಎದುರಾದರೆ ಗೋಡೆಗೆ ಒತ್ತಿ ನಿಲ್ಲಬೇಕು, ಅಂಗಿಗೆಲ್ಲ ಸುಣ್ಣ. ಆದರೆ ಮೇಲೆ ಬಂದು ಹೊರಗೆ ಕಾಲಿಟ್ಟ ಕೂಡಲೇ ಬೀಸುವ ಗಾಳಿ ಉಂಟಲ್ಲ, ಮಾರಾಯ್ರೆ, ಕನ್ನಡಕ ಹಿಡಿದುಕೊಳ್ಳಿ! ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ತೆಂಗು.

ಬೇಜಾರಾದದ್ದು ಒಂದಕ್ಕೆ. ಮೇಲೆ ಎಲ್ಲರೂ ಸೆಲ್ಫಿಯಲ್ಲೇ ಮುಳುಗಿದ್ದರು, ದೀಪ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳುವವರು ಯಾರೂ ಸಿಗಲಿಲ್ಲ. ಮಗನಿಗೆ ನಾನೇ ಹೇಳಿದೆ. ದೀಪಸ್ತಂಭಗಳಲ್ಲಿ ದೀಪಕ್ಕಿಂತ ಗಾಜಿನದ್ದೇ ಕರಾಮತ್ತು. ಸುತ್ತ ಜೋಡಿಸಿದ ಪಟ್ಟಕಗಳು, ಅಂದರೆ ಮೂಲೆ ಇರುವ ಗಾಜಿನ ತುಂಡುಗಳು, ಚದುರಿ ಹೋಗುವ ಬೆಳಕನ್ನು ಬಾಗಿಸಿ ಕಡಲಿನ ಕಡೆಗೆ ನೂಕುತ್ತವೆ. ಇದು ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ 1820ರ ದಶಕದಲ್ಲಿ ತೋರಿಸಿಕೊಟ್ಟ ವಿದ್ಯೆ. ಕರೆಂಟ್ ಬರುವ ಮೊದಲು ಸೀಮೆಎಣ್ಣೆಯ ಬೆಳಕೇ ಹೀಗೆ ಮೈಲುಗಟ್ಟಲೆ ಹೋಗುತ್ತಿತ್ತು. ಪ್ರತಿ ದೀಪಸ್ತಂಭಕ್ಕೂ ಮಿನುಗುವ ಲೆಕ್ಕ ಬೇರೆ. ಅದನ್ನು ಎಣಿಸಿಯೇ ನಾವಿಕರು ಇದು ಯಾವ ಊರು ಅಂತ ಹೇಳಿಬಿಡುತ್ತಾರೆ. "ಹಾಗಾದ್ರೆ ಅದು ಊರಿನ ಹೆಸರು ಹೇಳ್ತಾ ಇರೋದು" ಅಂದ ಅವನು. ಇಷ್ಟನ್ನು ಒಂದು ಬೋರ್ಡಿನಲ್ಲಿ ದೊಡ್ಡದಾಗಿ ಬರೆದು ಹಾಕಿದರೆ ಏನು ಕಷ್ಟ?

ಟಿಕೆಟ್ ದುಬಾರಿಯಲ್ಲ. ಮಂಡಿನೋವಿನ ಅತ್ತೆ ಕೆಳಗೇ ಕೂತು ಚರುಮುರಿ ತಿಂದರು. ಅದರ ರೇಟು ಮಾತ್ರ ಸ್ವಲ್ಪ ಜಾಸ್ತಿಯೇ.

ನನ್ನ ಲೆಕ್ಕದಲ್ಲಿ 5ಕ್ಕೆ 4. ಮೇಲೆ ಬಿಡುವುದು ಸಂಜೆ ಹೊತ್ತು, ಅದೂ ಸ್ವಲ್ಪವೇ ಸಮಯ. ಆದ್ದರಿಂದ ಊಟ ಮುಗಿದ ಕೂಡಲೇ ಹೊರಡಿ. ಬಸ್ಸಾದರೆ ಮಂಗಳೂರಿನಲ್ಲಿ ಉಡುಪಿ ಬಸ್ ಹತ್ತಿ ಕಾಪು ಪೇಟೆಯಲ್ಲಿ ಇಳಿದು ಆಟೋ ಹಿಡಿಯಿರಿ. ಕಾರಿನವರಿಗೆ ತಲಪಾಡಿ, ಹೆಜಮಾಡಿ ಎರಡೂ ಕಡೆ ಟೋಲ್ ಉಂಟು.