ಸ್ಪೈಡರ್‌ಮ್ಯಾನ್ ಯಾವ ಪೆಟ್ಟಿಗೆಯಲ್ಲಿದ್ದಾನೆ? ಮೂರು ಕನ್ಸೋಲ್‌ಗಳ ಹೋಲಿಕೆ

ನಮ್ಮ ಮನೆಯ ಟಿವಿಯ ಕೆಳಗೆ ಈಗ ಇರುವುದು ಪ್ಲೇಸ್ಟೇಷನ್ 5, ಅದೂ ಡಿಸ್ಕ್ ಹಾಕುವ ಮಾದರಿ. ಅದನ್ನು ಬದಲಿಸುವ ಯೋಚನೆ ನನಗಿಲ್ಲ. ಅದಕ್ಕೂ ಮೊದಲು ಸುಮಾರು ಎರಡು ವರ್ಷ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಬಳಸಿದ್ದೇವೆ. ನ್ಯೂಜೆರ್ಸಿಯಿಂದ ರಜೆಗೆ ಬಂದ ತಮ್ಮ ಬಿಟ್ಟುಹೋದ ಹಳೆಯ ನಿಂಟೆಂಡೊ ಸ್ವಿಚ್ ಕೂಡ 2023ರ ಬೇಸಿಗೆಯ ಉದ್ದಕ್ಕೂ ನಮ್ಮಲ್ಲಿತ್ತು. ಈ ಮೂರರ ಚಿಪ್, ವೇಗ, ಚಿತ್ರದ ಸ್ಪಷ್ಟತೆಗಳ ಲೆಕ್ಕ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. ನಾನು ಹೋಲಿಸಲು ಹೊರಟಿರುವುದು ಪೆಟ್ಟಿಗೆಯ ಮೇಲೆ ಅಚ್ಚಾಗದ ಸಂಗತಿಯನ್ನು: ಮಕ್ಕಳು ಹೆಸರು ಹಿಡಿದು ಕೇಳುವ ಗೇಮ್ ಯಾವ ಕನ್ಸೋಲ್‌ಗೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ, ಮತ್ತು ಅದನ್ನು ತೀರ್ಮಾನಿಸುವ ಒಪ್ಪಂದಗಳು ಎಂಥವು ಎಂಬುದನ್ನು.

2021ರ ಡಿಸೆಂಬರ್‌ನಲ್ಲಿ, ಮೂರನೆಯ ತರಗತಿಯಲ್ಲಿದ್ದ ಮಗನ ಹುಟ್ಟುಹಬ್ಬಕ್ಕೆ ಕನ್ಸೋಲ್ ಕೊಡಿಸುವುದೆಂದು ನಿಶ್ಚಯಿಸಿದ್ದೆವು. ಆ ದಿನಗಳಲ್ಲಿ ಪ್ಲೇಸ್ಟೇಷನ್ 5 ಸಿಗುವುದೇ ಕಷ್ಟವಾಗಿತ್ತು. ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತಿತ್ತು. ಸೀರೀಸ್ ಎಸ್ ಮಾತ್ರ ಅಂಗಡಿಯ ಕಪಾಟಿನಲ್ಲಿಯೇ ಇತ್ತು, ಬೆಲೆಯೂ 35,000 ರೂಪಾಯಿಯ ಆಸುಪಾಸಿನಲ್ಲಿತ್ತು. ಮಗನಿಗೆ ಬೇಕಾಗಿರುವುದು ಸ್ಪೈಡರ್‌ಮ್ಯಾನ್ ಎಂದು ನಾನು ಸ್ಪಷ್ಟವಾಗಿಯೇ ಹೇಳಿದೆ. "ಎಲ್ಲಾ ಗೇಮೂ ಬರುತ್ತೆ ಮೇಡಂ, ತಿಂಗಳ ಚಂದಾ ಕಟ್ಟಿದ್ರೆ ಸಾಕು" ಎಂದು ಅಂಗಡಿಯವರು ಭರವಸೆ ಕೊಟ್ಟರು. ಆ ಮಾತನ್ನು ನಂಬಿ ಹಣ ಕಟ್ಟಿದೆ.

ಮನೆಗೆ ಬಂದು ಹುಡುಕಿದಾಗ ಸ್ಪೈಡರ್‌ಮ್ಯಾನ್ ಹೆಸರಿನ ಹೊಸ ಗೇಮ್ ಒಂದೂ ಕಾಣಲಿಲ್ಲ. ಚಂದಾ ಪಟ್ಟಿಯಲ್ಲಿ ಮಾರ್ವೆಲ್‌ನ ಅವೆಂಜರ್ಸ್ ಇತ್ತು. ಅದರಲ್ಲಿ ಸ್ಪೈಡರ್‌ಮ್ಯಾನ್ ನವೆಂಬರ್ 30ರಂದು ಬಂದಿದ್ದಾನೆಂದು ಮಗ ಯೂಟ್ಯೂಬ್‌ನಲ್ಲಿ ನೋಡಿದ್ದ. ಹಾಗಾದರೆ ಇದರಲ್ಲಿಯೇ ಸಿಗುತ್ತಾನೆಂದು ರಾತ್ರಿ ಡೌನ್‌ಲೋಡ್‌ಗೆ ಹಾಕಿ ಮಲಗಿದೆವು. ಸೀರೀಸ್ ಎಸ್‌ನ 512 ಜಿಬಿಯಲ್ಲಿ ನಮಗೆ ಬಳಸಲು ಸಿಗುವುದು 364 ಜಿಬಿ ಮಾತ್ರ. ಆದ್ದರಿಂದ ಅದಕ್ಕಾಗಿ ಬೇರೆ ಎರಡು ಗೇಮ್‌ಗಳನ್ನು ಅಳಿಸಿದ್ದೂ ಆಯಿತು.

ಮರುದಿನ ಬೆಳಿಗ್ಗೆ ಮಗ ವೀರರ ಪಟ್ಟಿಯ ಮುಂದೆ ಕುಳಿತ. ಐರನ್ ಮ್ಯಾನ್, ಹಲ್ಕ್, ಥಾರ್, ಬ್ಲ್ಯಾಕ್ ವಿಡೋ, ಬ್ಲ್ಯಾಕ್ ಪ್ಯಾಂಥರ್ ಎಲ್ಲರೂ ಇದ್ದರು. ಕಂಟ್ರೋಲರ್‌ನ ಕಡ್ಡಿಯನ್ನು ಬಲಕ್ಕೆ ತಳ್ಳುತ್ತ ಕೊನೆಯವರೆಗೆ ಹೋದ, ಮತ್ತೆ ಎಡಕ್ಕೆ ಬಂದ, ಇನ್ನೊಮ್ಮೆ ಕೊನೆಗೆ ಹೋದ. "ಅಮ್ಮ, ವಿಡಿಯೋದಲ್ಲಿ ಇದ್ನಲ್ಲ, ಇಲ್ಲಿ ಯಾಕಿಲ್ಲ?" ಎಂದು ಕೇಳಿದ. ಇನ್ನೂ ಆಟ ಮುಂದುವರಿದ ಮೇಲೆ ಬರಬಹುದೆಂದು ನಾನು ಸಮಾಧಾನ ಹೇಳಿದೆ. ಅವನು ಅದನ್ನು ನಂಬಿ, ಶಾಲೆಯಿಂದ ಬಂದ ಮೇಲೆ ದಿನಕ್ಕೆ ಒಂದು ಗಂಟೆಯಂತೆ ಎರಡು ವಾರ ಆಡಿದ. ಆಮೇಲೆ ವಿಚಾರಿಸಿದಾಗ ತಿಳಿಯಿತು: ಗೇಮ್ ಎಲ್ಲ ಕನ್ಸೋಲ್‌ಗಳಿಗೂ ಒಂದೇ, ಆದರೆ ಅದರೊಳಗಿನ ಸ್ಪೈಡರ್‌ಮ್ಯಾನ್ ಪಾತ್ರ ಪ್ಲೇಸ್ಟೇಷನ್‌ನಲ್ಲಿ ಆಡುವವರಿಗೆ ಮಾತ್ರ. ಇದು ಗುಟ್ಟಿನ ವಿಷಯವೂ ಆಗಿರಲಿಲ್ಲ; 2020ರ ಆಗಸ್ಟ್‌ನಲ್ಲಿಯೇ, ಗೇಮ್ ಬಿಡುಗಡೆಯಾಗುವ ಮೊದಲೇ ಪ್ರಕಟವಾಗಿತ್ತು. ಮಾರುವವರು ಅದನ್ನು ತಿಳಿದುಕೊಂಡು ಹೇಳಬೇಕಿತ್ತು. ಎರಡು ವಾರ ಕಾದ ಮಗುವಿಗೆ ಒಪ್ಪಂದದ ವಿಷಯವನ್ನು ಹೇಗೆ ಹೇಳುವುದೆಂದು ನನಗೆ ತಿಳಿಯಲಿಲ್ಲ, ಆ ಸಂಜೆಯ ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಈ ಕಾರಣಕ್ಕಾಗಿಯೇ ನಾನು ಒಪ್ಪಂದಗಳ ಬಗ್ಗೆ ಓದತೊಡಗಿದೆ. ಸ್ಪೈಡರ್‌ಮ್ಯಾನ್ ಸಿನಿಮಾದ ಹಕ್ಕು ಸೋನಿಯ ಬಳಿ ಇರುವುದರಿಂದ ಗೇಮ್‌ನ ಹಕ್ಕೂ ಅವರದೇ ಎಂದು ಬಹಳ ಜನ ತಿಳಿದಿದ್ದಾರೆ, ನಾನೂ ಹಾಗೆಯೇ ತಿಳಿದಿದ್ದೆ. ಅದು ಸರಿಯಲ್ಲ. ಗೇಮ್ ಮಾಡಿಸುವ ಹಕ್ಕು ಮಾರ್ವೆಲ್‌ನದು. ಅದನ್ನು ಯಾರಿಗೆ ಪರವಾನಗಿ ಕೊಡಬೇಕೆಂಬುದೂ ಅವರ ತೀರ್ಮಾನವೇ. 2000ದಿಂದ 2014ರವರೆಗೆ ಆ ಪರವಾನಗಿ ಆಕ್ಟಿವಿಷನ್ ಬಳಿ ಇತ್ತು. ಆಕ್ಟಿವಿಷನ್ ಆಗ ಯಾವ ಕನ್ಸೋಲ್ ಕಂಪನಿಗೂ ಸೇರದ ಪ್ರಕಾಶಕ ಸಂಸ್ಥೆಯಾಗಿದ್ದರಿಂದ ಹೆಚ್ಚು ಕಡೆ ಮಾರಿದಷ್ಟೂ ಅದಕ್ಕೆ ಲಾಭ. ಹಾಗಾಗಿ ಆ ಕಾಲದ ಸ್ಪೈಡರ್‌ಮ್ಯಾನ್ ಎಲ್ಲ ಪೆಟ್ಟಿಗೆಗಳಲ್ಲಿಯೂ ಕಾಣಿಸುತ್ತಿದ್ದ. ಆಮೇಲೆ ಬಂದ ಪಾಲುದಾರ ಪ್ಲೇಸ್ಟೇಷನ್ ಕನ್ಸೋಲ್ ತಯಾರಿಸುವ ಸೋನಿ. ಅವರು ಗೇಮ್ ಮಾಡುವ ಕೆಲಸವನ್ನು ಇನ್ಸೋಮ್ನಿಯಾಕ್ ಎಂಬ ಸ್ಟುಡಿಯೋಕ್ಕೆ ವಹಿಸಿದರು. ಆ ಸ್ಟುಡಿಯೋ ಆಗ ಸ್ವತಂತ್ರವಾಗಿತ್ತು, 2014ರಲ್ಲಿ ಎಕ್ಸ್‌ಬಾಕ್ಸ್‌ಗೆಂದೇ ಒಂದು ದೊಡ್ಡ ಗೇಮ್ ಮಾಡಿಕೊಟ್ಟಿತ್ತು. 2018ರ ಸೆಪ್ಟೆಂಬರ್ 7ರಂದು ಅವರ ಸ್ಪೈಡರ್‌ಮ್ಯಾನ್ ಪ್ಲೇಸ್ಟೇಷನ್ 4ರಲ್ಲಿ ಬಂತು. ಮರುವರ್ಷ ಸೋನಿ 22.9 ಕೋಟಿ ಡಾಲರ್ ಕೊಟ್ಟು ಸ್ಟುಡಿಯೋವನ್ನೇ ಕೊಂಡುಕೊಂಡಿತು. ಅಲ್ಲಿಗೆ ಪರವಾನಗಿ ಪಡೆದವರು, ಗೇಮ್ ಮಾಡುವವರು, ಕನ್ಸೋಲ್ ಮಾರುವವರು ಮೂವರೂ ಒಂದೇ ಮನೆಯವರಾದರು. ಆ ಗೇಮ್‌ಗಳು ತಡವಾಗಿಯಾದರೂ ಕಂಪ್ಯೂಟರ್‌ಗೆ ಬಂದಿವೆ, ಎಕ್ಸ್‌ಬಾಕ್ಸ್‌ಗೆ ಬಂದಿಲ್ಲ.

ಹಾಗೆಂದು ಸ್ಪೈಡರ್‌ಮ್ಯಾನ್ ಎಂಬ ಪಾತ್ರವೇ ಪೂರ್ತಿಯಾಗಿ ಮಾರಾಟವಾಗಿದೆಯೆಂದೂ ಅಲ್ಲ. ಬೇರೆ ಗೇಮ್‌ಗಳಿಗೂ ಪರವಾನಗಿ ಕೊಡಲಾಗುತ್ತದೆ. ಲೆಗೊ ಮಾರ್ವೆಲ್ ಗೇಮ್‌ಗಳಲ್ಲಿ ಅವನು ಎಕ್ಸ್‌ಬಾಕ್ಸ್‌ನಲ್ಲಿಯೂ ಸಿಗುತ್ತಾನೆ, 2024ರ ಕೊನೆಯಲ್ಲಿ ಬಂದ ಮಾರ್ವೆಲ್ ರೈವಲ್ಸ್‌ನಲ್ಲಿಯೂ ಇದ್ದಾನೆ. ಸ್ವಿಚ್‌ನಲ್ಲಿ 2019ರ ಅಲ್ಟಿಮೇಟ್ ಅಲಯನ್ಸ್ 3 ಇದೆ. ಅದರ ಪ್ರಕಾಶಕರು ನಿಂಟೆಂಡೊ ಆದ್ದರಿಂದ ಅದು ಬೇರೆಲ್ಲಿಯೂ ಇಲ್ಲ, ಅದರಲ್ಲಿ ನಮ್ಮ ಸ್ಪೈಡರ್‌ಮ್ಯಾನ್ ಸಿಗುತ್ತಾನೆ. ತಮ್ಮನ ಸ್ವಿಚ್‌ನಲ್ಲಿ ಮಗ ಮೊದಲ ಬಾರಿಗೆ ಅವನನ್ನು ಆಡಿಸಿದ್ದು ಈ ಗೇಮ್‌ನಲ್ಲಿಯೇ. ಆದರೆ ಅಲ್ಲಿ ನಾಲ್ವರ ಗುಂಪಿನಲ್ಲಿ ಅವನೂ ಒಬ್ಬ; ಮೇಲಿನಿಂದ ನೋಡುವ ಚಿತ್ರದಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಾನೆ. ಕಟ್ಟಡದಿಂದ ಕಟ್ಟಡಕ್ಕೆ ಬಲೆ ಹಿಡಿದು ತೂಗಬೇಕೆಂಬ ಹುಡುಗನ ಆಸೆ ಅದರಿಂದ ತೀರಲಿಲ್ಲ.

ಸ್ವಿಚ್ ಮತ್ತು ಎಕ್ಸ್‌ಬಾಕ್ಸ್ ಎರಡರಲ್ಲಿಯೂ ನಾವು ಆಡಿ ನೋಡಿದ ಗೇಮ್ ಜೇಮ್ಸ್ ಬಾಂಡ್‌ನ ಗೋಲ್ಡನ್‌ಐ. 1997ರಲ್ಲಿ ನಿಂಟೆಂಡೊ 64ಕ್ಕೆ ಬಂದ ಇದನ್ನು ಮಾಡಿದವರು ರೇರ್ ಎಂಬ ಬ್ರಿಟಿಷ್ ಸ್ಟುಡಿಯೋದವರು. 2002ರಲ್ಲಿ ಆ ಸ್ಟುಡಿಯೋ ಎಕ್ಸ್‌ಬಾಕ್ಸ್ ತಯಾರಿಸುವ ಮೈಕ್ರೋಸಾಫ್ಟ್ ಪಾಲಾಯಿತು. ಜೇಮ್ಸ್ ಬಾಂಡ್‌ನ ಹಕ್ಕುದಾರರು ಬೇರೆಯೇ ಇದ್ದಾರೆ. ಇಷ್ಟು ಜನರ ಒಪ್ಪಿಗೆ ಕೂಡಿಬರಲು ದಶಕಗಳು ಹಿಡಿದವು. ಕೊನೆಗೆ 2023ರ ಜನವರಿ 27ರಂದು ಎರಡೂ ಕಡೆ ಒಟ್ಟಿಗೆ ಬಂತು, ಆದರೆ ಪಾಲು ಹಂಚಿದ ಹಾಗೆ ಬಂತು. ಎಕ್ಸ್‌ಬಾಕ್ಸ್‌ನಲ್ಲಿ ಚಿತ್ರ ಚೊಕ್ಕಟವಾಗಿದೆ, ಎರಡು ಕಡ್ಡಿಗಳ ಈಗಿನ ರೂಢಿಯ ಹಿಡಿತವಿದೆ; ಆದರೆ ದೂರದಲ್ಲಿರುವವರ ಜೊತೆ ಆನ್‌ಲೈನ್‌ನಲ್ಲಿ ಆಡಲಾಗದು. ಸ್ವಿಚ್‌ನಲ್ಲಿ ಹಿಡಿತ ಹಳೆಯ ಕಾಲದ್ದು, ಗುರಿಯಿಡಲು ಬೆರಳುಗಳಿಗೆ ಒಂದು ವಾರದ ಅಭ್ಯಾಸ ಬೇಕಾಯಿತು. ಆದರೆ ಆನ್‌ಲೈನ್ ಆಟವಿರುವುದು ಅಲ್ಲಿ ಮಾತ್ರ. ನ್ಯೂಜೆರ್ಸಿಗೆ ಮರಳಿದ ತಮ್ಮ ತನ್ನ ಇನ್ನೊಂದು ಸ್ವಿಚ್‌ನಿಂದ ಭಾನುವಾರದ ಬೆಳಿಗ್ಗೆ ನಮ್ಮ ಜೊತೆ ಆಡುತ್ತಿದ್ದ. "ಅಕ್ಕಾ, ಬಾಗಿಲ ಹಿಂದೆ ನಿಂತಿದೀನಿ, ನೋಡ್ಕೋ" ಎಂದು ಫೋನಿನಲ್ಲಿ ಕೂಗುತ್ತಿದ್ದ. ಆ ಭಾನುವಾರಗಳಿಗಾಗಿ ಸ್ವಿಚ್ ನನಗೆ ಪ್ರಿಯ. ಆದರೆ ನಾವು ಬಳಸಿದ ಆ ಮಾದರಿ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲೇ ಇಲ್ಲ. ಕೆಟ್ಟರೆ ರಿಪೇರಿಗೆ ಎಲ್ಲಿಗೆ ಒಯ್ಯಬೇಕೆಂಬ ಚಿಂತೆಯಿಂದ ಅದನ್ನು ಕೊಳ್ಳುವ ಮನಸ್ಸು ಮಾಡಲಿಲ್ಲ. ಪೋಕೆಮಾನ್ ಬೇಕೆನ್ನುವ ಮಕ್ಕಳಿರುವ ಮನೆಗೆ ನನ್ನ ಲೆಕ್ಕ ಹೊಂದುವುದಿಲ್ಲ: ಅದರ ಒಡೆತನದಲ್ಲಿಯೇ ನಿಂಟೆಂಡೊಗೆ ಪಾಲಿರುವುದರಿಂದ ಮುಖ್ಯ ಸರಣಿ ಬೇರೆ ಕನ್ಸೋಲ್‌ಗೆ ಬಂದೀತೆಂದು ಕಾಯುವುದು ವ್ಯರ್ಥ.

ಎಕ್ಸ್‌ಬಾಕ್ಸ್‌ನ ಪರವಾಗಿ ನಾನು ಮನಸಾರೆ ಹೇಳಬೇಕಾದದ್ದು ಇಂಡಿಯಾನಾ ಜೋನ್ಸ್ ಗೇಮ್‌ನ ಬಗ್ಗೆ. ಇದರ ಪರವಾನಗಿಗೆ ಪ್ರಕಾಶಕ ಸಂಸ್ಥೆ ಬೆಥೆಸ್ಡಾ ಡಿಸ್ನಿಯ ಜೊತೆ ಮೊದಲು ಮಾಡಿಕೊಂಡ ಕರಾರಿನಲ್ಲಿ ಒಂದಕ್ಕಿಂತ ಹೆಚ್ಚು ಕನ್ಸೋಲ್‌ಗಳಿಗೆ ಅವಕಾಶವಿತ್ತು. 2021ರ ಮಾರ್ಚ್‌ನಲ್ಲಿ ಬೆಥೆಸ್ಡಾದ ಮಾತೃಸಂಸ್ಥೆಯನ್ನು ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಕೊಂಡ ಮೇಲೆ ಆ ಕರಾರನ್ನು ತಿದ್ದಿ ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರ್‌ಗೆ ಸೀಮಿತಗೊಳಿಸಲಾಯಿತೆಂದು 2023ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಲಯದಲ್ಲಿ ಬೆಥೆಸ್ಡಾದ ಅಧಿಕಾರಿಯೇ ಸಾಕ್ಷ್ಯ ಹೇಳಿದರು. ಆ ವೇಳೆಗೆ ಪ್ಲೇಸ್ಟೇಷನ್ ಕೊಳ್ಳುವ ಯೋಚನೆಯಲ್ಲಿದ್ದ ನನಗೆ ಅದು ಇನ್ನೊಂದು ಅವೆಂಜರ್ಸ್ ಎನ್ನಿಸಿತ್ತು. ಆದರೆ 2024ರ ಡಿಸೆಂಬರ್ 9ರಂದು ಎಕ್ಸ್‌ಬಾಕ್ಸ್‌ನಲ್ಲಿ ಬಂದ ಗೇಮ್ 2025ರ ಏಪ್ರಿಲ್ 17ರಂದು ಪ್ಲೇಸ್ಟೇಷನ್ 5ಕ್ಕೂ ಬಂತು. ನಾನು ಮಾತ್ರ ಕಾಯಲಿಲ್ಲ. ಮಲಗುವ ಕೋಣೆಗೆ ಸರಿಸಿದ್ದ ಸೀರೀಸ್ ಎಸ್‌ಗೆ ಒಂದು ತಿಂಗಳ ಚಂದಾ ಕಟ್ಟಿ ಆ ಡಿಸೆಂಬರ್‌ನಲ್ಲಿಯೇ ಆಡಿ ಮುಗಿಸಿದೆ. ಬಿಡುಗಡೆಯ ದಿನವೇ ಚಂದಾದಲ್ಲಿ ಸಿಗುವ ಸೌಲಭ್ಯವನ್ನು ನಾನು ಅಲ್ಲಗಳೆಯಲಾರೆ.

ಬೇರೆ ಬೇರೆ ಬಗೆಯ ಒಪ್ಪಂದಗಳನ್ನು ಗುರುತಿಸಲು ಕಲಿತ ಮೇಲೆ ಕೊಳ್ಳುವ ನಿರ್ಧಾರ ಸುಲಭವಾಯಿತು. ಇಷ್ಟು ಕಾಲ ಮಾತ್ರ ಒಂದೇ ಕನ್ಸೋಲ್‌ಗೆ ಎಂಬ ವಾಯಿದೆಯ ಒಪ್ಪಂದವಾದರೆ ಕಾದರೆ ಸಾಕು: 2015ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಟೂಂಬ್ ರೈಡರ್ ಸುಮಾರು ಹನ್ನೊಂದು ತಿಂಗಳ ಮೇಲೆ ಪ್ಲೇಸ್ಟೇಷನ್‌ಗೆ ಬಂತು, ಫೈನಲ್ ಫ್ಯಾಂಟಸಿ 16 ಎರಡು ವರ್ಷದ ಬಳಿಕ ಎಕ್ಸ್‌ಬಾಕ್ಸ್‌ಗೆ ಹೋಯಿತು. ಗೇಮ್ ಮಾಡುವ ಖರ್ಚಿಗೇ ಕನ್ಸೋಲ್ ಕಂಪನಿ ಹಣ ಹಾಕಿದ್ದರೆ ಕಾಯುವುದರಲ್ಲಿ ಅರ್ಥವಿಲ್ಲ: ಸೋನಿಯ ನೆರವಿನಿಂದ ಆದ ಸ್ಟ್ರೀಟ್ ಫೈಟರ್ 5 ಎಕ್ಸ್‌ಬಾಕ್ಸ್‌ಗೆ ಬರಲೇ ಇಲ್ಲ. ಹಾಗ್ವಾರ್ಟ್ಸ್ ಲೆಗಸಿ ಎಲ್ಲ ಕಡೆ ಬಂದರೂ ಅದರ ಒಂದು ಅಂಗಡಿಯ ಕಥಾಭಾಗ ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ಲೇಸ್ಟೇಷನ್‌ನವರಿಗಷ್ಟೇ ಮೀಸಲಾಗಿತ್ತು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಬೇಸ್‌ಬಾಲ್‌ನದು: ಸೋನಿಯ ಸ್ವಂತ ಸ್ಟುಡಿಯೋ ಮಾಡುವ ಎಂಎಲ್‌ಬಿ ದಿ ಶೋ 2021ರಿಂದ ಎಕ್ಸ್‌ಬಾಕ್ಸ್‌ನಲ್ಲಿಯೂ ಸಿಗುತ್ತದೆ, ಏಕೆಂದರೆ ಪರವಾನಗಿ ಕೊಡುವ ಅಮೆರಿಕದ ಬೇಸ್‌ಬಾಲ್ ಲೀಗ್‌ಗೆ ಹೆಚ್ಚು ಜನರನ್ನು ತಲುಪುವುದು ಬೇಕಾಗಿತ್ತು. ಹಕ್ಕು ಯಾರ ಬಳಿಯಿದೆಯೋ ಅವರದೇ ಕೊನೆಯ ಮಾತು.

2023ರ ಅಕ್ಟೋಬರ್‌ನಲ್ಲಿ, ಸ್ಪೈಡರ್‌ಮ್ಯಾನ್ 2 ಬರುವ ವಾರದಲ್ಲಿ, 54,990 ರೂಪಾಯಿ ಕೊಟ್ಟು ಡಿಸ್ಕ್ ಮಾದರಿಯ ಪ್ಲೇಸ್ಟೇಷನ್ 5 ತಂದೆವು. ಬಲಗೈ ತೋರುಬೆರಳಿನ ಗುಂಡಿಯನ್ನು ಒತ್ತಿ ಹಿಡಿದರೆ ಬಲೆ ಬಿಗಿಯುತ್ತದೆ, ಬಿಟ್ಟರೆ ಹುಡುಗ ಗಾಳಿಗೆ ಹಾರುತ್ತಾನೆ. ಬಿಗಿಯುವಾಗ ಗುಂಡಿಯೇ ಬೆರಳಿಗೆ ಎದುರು ಒತ್ತುತ್ತದೆ. ಮಗ ಮೊದಲ ದಿನ ಕಥೆಯ ಕಡೆ ನೋಡಲೇ ಇಲ್ಲ, ಊಟಕ್ಕೆ ಕರೆಯುವವರೆಗೂ ಬರೀ ತೂಗಿದ.

ಬೆಲೆಯ ವಿಷಯದಲ್ಲಿ ಪ್ಲೇಸ್ಟೇಷನ್ ದುಬಾರಿಯೆಂಬುದು ನಿಜ. ಹೊಸ ಗೇಮ್ ಒಂದಕ್ಕೆ ಸುಮಾರು 5,000 ರೂಪಾಯಿ. ಆದರೆ ನಾವು ವರ್ಷಕ್ಕೆ ಮೂರು ನಾಲ್ಕು ಗೇಮ್‌ಗಳಿಗಿಂತ ಹೆಚ್ಚು ಆಡುವವರಲ್ಲ, ಆಡಿ ಮುಗಿದ ಡಿಸ್ಕನ್ನು ಮನೆಯಲ್ಲಿ ಇಟ್ಟುಕೊಳ್ಳುವವರೂ ಅಲ್ಲ. ಸ್ಪೈಡರ್‌ಮ್ಯಾನ್ 2 ಡಿಸ್ಕನ್ನು ಮೂರು ತಿಂಗಳ ಮೇಲೆ 3,000ಕ್ಕೆ ಮಾರಿದೆವು, ಅದೇ ಸರಣಿಯ ಮೈಲ್ಸ್ ಮೊರಾಲೆಸ್ ಗೇಮ್‌ನ ಹಳೆಯ ಡಿಸ್ಕ್ 1,800ಕ್ಕೆ ಸಿಕ್ಕಿತ್ತು. ಸೀರೀಸ್ ಎಸ್‌ನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲದ್ದರಿಂದ ಅಲ್ಲಿ ಕೊಂಡ ಗೇಮ್ ಮಾರಲಾಗದು. ವಾರಕ್ಕೊಂದು ಹೊಸ ಗೇಮ್ ತೆರೆದು ನೋಡುವ ಅಭ್ಯಾಸವಿರುವವರಿಗೆ ಅದರ ಚಂದಾ ಲಾಭದಾಯಕವಾದೀತು, ನಮ್ಮ ಮನೆಯ ರೂಢಿಗೆ ಅಲ್ಲ. ಈಚೆಗೆ ಎಕ್ಸ್‌ಬಾಕ್ಸ್‌ನ ಸ್ವಂತ ಗೇಮ್‌ಗಳೂ ಪ್ಲೇಸ್ಟೇಷನ್‌ಗೆ ಬರತೊಡಗಿವೆ, 2025ರ ಏಪ್ರಿಲ್‌ನಲ್ಲಿ ಫೋರ್ಜಾ ಹೊರೈಜನ್ 5 ಬಂದದ್ದು ಮಗನಿಗೆ ಬಹಳ ಸಂತೋಷ ತಂದಿತು. ಆ ಕಡೆಯಿಂದ ಈ ಕಡೆಗೆ ದಾರಿ ತೆರೆದಿದೆ. ಸ್ಪೈಡರ್‌ಮ್ಯಾನ್ ಈ ಕಡೆಯಿಂದ ಆ ಕಡೆಗೆ ಹೋಗಿಲ್ಲ. ಇನ್ಸೋಮ್ನಿಯಾಕ್‌ನವರೇ ಮಾಡುತ್ತಿರುವ ವುಲ್ವರಿನ್ ಕೂಡ ಪ್ಲೇಸ್ಟೇಷನ್ 5ಕ್ಕೆಂದೇ ಘೋಷಣೆಯಾಗಿದೆ. ಡಿಸ್ಕ್ ಮಾರಿ ಬಂದ ಹಣದಲ್ಲಿ ಅದಕ್ಕಾಗಿ 3,000 ರೂಪಾಯಿ ಎತ್ತಿಟ್ಟಿದ್ದೇವೆ.