ಹಾಲ್‌ಗೆ ಹೊಸ ಕಳೆ: ಬಲ್ಬೋ, ಬಣ್ಣವೋ, ಪರದೆಯೋ?

ಹಾಲ್‌ಗೆ ಹೊಸ ಕಳೆ ತರಲು ಬಲ್ಬ್ ಬದಲಿಸುವುದೋ, ಗೋಡೆಗೆ ಬಣ್ಣ ಬಳಿಯುವುದೋ, ಹೊಸ ಪರದೆ ಹಾಕುವುದೋ, ಈ ಮೂರರಲ್ಲಿ ಯಾವುದು ಸರಿ ಎಂಬುದು ಪ್ರಶ್ನೆ. ಕೈಯಲ್ಲಿ ಹಣ ತೀರಾ ಕಡಿಮೆಯಿದ್ದರೆ ಮೊದಲು ಬಲ್ಬ್ ಬದಲಿಸಿ. ಕಣ್ಣಿಗೆ ರಾಚುವ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಿಳಿ ಬೆಳಕಿನ ಜಾಗಕ್ಕೆ 2700–3000 ಕೆಲ್ವಿನ್‌ನ ಹಳದಿ ಛಾಯೆಯ ಎಲ್‌ಇಡಿ ಹಾಕಿದರೆ ಅದೇ ಹಳೆಯ ಸೋಫಾ ಬೆಚ್ಚಗೆ ಕಾಣುತ್ತದೆ. ಆದರೆ ಈ ಕಳೆ ಸಂಜೆಗಷ್ಟೇ.

ಹಗಲಿಗೂ ಬದಲಾವಣೆ ಬೇಕೆಂದರೆ ಒಂದು ಗೋಡೆಗೆ ಬಣ್ಣ ಬಳಿಯಿರಿ. ಖರ್ಚು ಬಲ್ಬಿಗಿಂತ ಹೆಚ್ಚು, ಬಾಳಿಕೆಯೂ ಚೆನ್ನ. ನಿಜವಾದ ಶ್ರಮ ಇರುವುದು ತಯಾರಿಯಲ್ಲಿ: ಮೊಳೆ ತೂತುಗಳಿಗೆ ಪುಟ್ಟಿ ತುಂಬಿ, ಒಣಗಿದ ಮೇಲೆ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಧೂಳು ಒರೆಸಿ, ಆಮೇಲೆ ಎರಡು ಕೋಟ್. ಗೋಡೆಯಲ್ಲಿ ತೇವವಿದ್ದರೆ ಬೇಡವೇ ಬೇಡ, ಬಣ್ಣ ಉಬ್ಬಿ ಉದುರುತ್ತದೆ.

ಬಾಡಿಗೆ ಮನೆಯಾದರೆ ಪರದೆ, ಕುಶನ್ ಕವರ್‌ಗಳೇ ಸರಿ. ಬಿಸಿಲಿಗೆ ಬಣ್ಣ ಮಾಸುತ್ತವೆ, ನಿಜ. ಮನೆ ಬದಲಿಸುವಾಗ ಮಡಚಿ ಒಯ್ಯಬಹುದಲ್ಲ!