ಕಿಟಕಿ ರಬ್ಬರ್ ಕರ್ರಗೆ ಮಾಡಿಕೊಡ್ತೀವಿ ಅಂದ್ರೆ ಮೊದಲು ಡಬ್ಬಿ ತೋರಿಸಿ ಅನ್ನಿ

ಕಾರಿನ ಕಿಟಕಿ ಸುತ್ತ ಇರುವ ರಬ್ಬರ್ ಬೀಡಿಂಗ್ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿದೆ, ಯಾರೋ ಅರ್ಧ ಗಂಟೆಯಲ್ಲಿ ಹೊಸದರ ಹಾಗೆ ಮಾಡಿಕೊಡ್ತೀನಿ ಅಂತಿದ್ದಾರೆ. ಹಾಗಿದ್ದರೆ ಅವರು ಹಚ್ಚೋದು ಏನು ಅಂತ ಡಬ್ಬಿ ತೆಗೆಸಿ ನೋಡಿ. ಸೀಮೆಎಣ್ಣೆ, ಡೀಸೆಲ್, ಥಿನ್ನರ್, ಗ್ರೀಸ್, ಹಳೇ ಎಂಜಿನ್ ಆಯಿಲ್, ಇವುಗಳಲ್ಲಿ ಯಾವುದರ ವಾಸನೆ ಬಂದರೂ ಕಾರು ತೆಗೆದುಕೊಂಡು ವಾಪಸ್ ಬನ್ನಿ. ನನ್ನ ಕಾರಿನ ರಬ್ಬರ್ ಹಾಳಾಗಿದ್ದು ಹೀಗೇ.

ನಾನು ಕಾರು ಕೊಟ್ಟಿದ್ದು ಬರೀ ತೊಳೆದು ಪಾಲಿಶ್ ಮಾಡಲು. "ಬೀಡಿಂಗ್ ಎಲ್ಲಾ ಬೆಳ್ಳಗಾಗಿದೆ ಸರ್, ಅದನ್ನೂ ರೀಸ್ಟೋರ್ ಮಾಡಿಬಿಡ್ತೀವಿ" ಎಂದರು ತೊಳೆಯುವವರು. ಏನು ಹಚ್ಚುತ್ತೀರಿ ಎಂದು ಕೇಳಿದ್ದಕ್ಕೆ "ರಬ್ಬರ್ ಆಯಿಲ್, ಎಲ್ಲಾ ಗಾಡಿಗೂ ಅದೇ" ಎಂಬ ಉತ್ತರ ಬಂತು. ಸಂಜೆ ಕಾರು ಕೈಗೆ ಬಂದಾಗ ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಕರ್ರಗೆ ಮಿಂಚುತ್ತಿತ್ತು. ಮುಟ್ಟಿದರೆ ಮೆತ್ತಗಿತ್ತು. ಒಣಗಿ ಗಟ್ಟಿಯಾಗಿದ್ದ ರಬ್ಬರ್ ಮತ್ತೆ ಮೆತ್ತಗಾದರೆ ಯಾರಿಗೆ ತಾನೇ ಖುಷಿಯಾಗಲ್ಲ? ಆದರೆ ಆ ಮೆತ್ತಗಾಗುವುದೇ ಕಾಯಿಲೆಯ ಮೊದಲ ಗುರುತು ಅಂತ ಆಮೇಲೆ ಗೊತ್ತಾಯಿತು.

ಮರುದಿನ ಕಾರಿನ ಒಳಗೆಲ್ಲಾ ಸೀಮೆಎಣ್ಣೆ ವಾಸನೆ. ಕಿಟಕಿಗೆ ಕೈ ಊರಿದರೆ ಅಂಗಿ ತೋಳು ಕಪ್ಪು. ಕೆಲವು ದಿನಗಳಲ್ಲಿ ಗಾಜಿನ ಕೆಳಗಿನ ಉದ್ದ ಪಟ್ಟಿ ಅಲೆ ಅಲೆಯಾಗಿ ಎದ್ದಿತು. ಬಾಗಿಲಿನ ಚೌಕಟ್ಟಿನ ರಬ್ಬರ್ ಹಿಗ್ಗಿ, ತನ್ನ ಜಾಗ ಸಾಲದೆ, ಒಂದು ಕಡೆ ತಾನು ಕೂರುವ ಸಂದಿಯಿಂದ ಹೊರಗೆ ಬಂದು ಜೋತುಬಿತ್ತು. ಮಳೆ ಬಂದ ದಿನ ಬಾಗಿಲ ಮೇಲೆಲ್ಲಾ ಕಪ್ಪು ಗೆರೆಗಳು ಇಳಿದಿದ್ದವು. ಅವರಿಗೆ ತೋರಿಸಿದರೆ "ಆಯಿಲ್ ಆರಿದ ಮೇಲೆ ಸರಿಹೋಗುತ್ತೆ ಬಿಡಿ ಸರ್" ಎಂದರು. ಆಯಿಲ್ ಆರಿತು. ರಬ್ಬರ್ ಮಾತ್ರ ಸರಿಹೋಗಲಿಲ್ಲ, ಮೊದಲಿಗಿಂತ ಚಿಕ್ಕದಾಯಿತು! ಮೂಲೆಗಳಲ್ಲಿ ಸಂದು ಬಿಟ್ಟಿತು, ವೇಗವಾಗಿ ಹೋದರೆ ಸೀಟಿ ಊದಿದಂಥ ಗಾಳಿ ಸದ್ದು ಶುರುವಾಯಿತು.

ಹಿಗ್ಗಿದ್ದು ಆಮೇಲೆ ಕುಗ್ಗಿದ್ದು ಯಾಕೆ? ಈಗಿನ ಕಾರುಗಳಲ್ಲಿ ಬಾಗಿಲು, ಕಿಟಕಿ ಸುತ್ತ ನೀರು ತಡೆಯುವ ಪಟ್ಟಿಗಳು ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರಿನವು. ಬಿಸಿಲು, ಮಳೆ, ಗಾಳಿಯಲ್ಲಿರುವ ಓಝೋನ್ ಇವನ್ನೆಲ್ಲಾ ಇದು ಚೆನ್ನಾಗಿ ತಡೆಯುತ್ತೆ, ಅದಕ್ಕೇ ಇದನ್ನು ಹಾಕೋದು. ಮಾಮೂಲಿ ನೈಸರ್ಗಿಕ ರಬ್ಬರ್ ಆಗಿದ್ದರೆ ಓಝೋನ್‌ಗೇ ಬೇಗ ಬಿರುಕು ಬಿಡುತ್ತಿತ್ತು. ಆದರೆ ಇಪಿಡಿಎಂಗೆ ಒಂದು ದೊಡ್ಡ ವೈರಿ ಇದೆ: ಪೆಟ್ರೋಲಿಯಂ ಎಣ್ಣೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಖನಿಜ ತೈಲ, ಗ್ರೀಸ್ ಯಾವುದು ತಗುಲಿದರೂ ಒಳಗೆ ಹೀರಿಕೊಂಡು ಊದಿಕೊಳ್ಳುತ್ತೆ. ಹೀರಿಕೊಂಡಷ್ಟು ಹೊತ್ತು ಮೆತ್ತಗೆ, ಕರ್ರಗೆ ಕಾಣುತ್ತೆ. ನಾವು ಅದನ್ನೇ "ಜೀವ ಬಂತು" ಅಂದುಕೊಳ್ಳುತ್ತೇವೆ.

ರಬ್ಬರ್ ಮೆತ್ತಗಿರಲಿ ಅಂತ ತಯಾರಿಸುವಾಗಲೇ ಅದರೊಳಗೆ ಒಂದಿಷ್ಟು ಎಣ್ಣೆ ಸೇರಿಸಿರುತ್ತಾರೆ. ಹೊರಗಿನಿಂದ ಹಚ್ಚಿದ ಸೀಮೆಎಣ್ಣೆ ಅಥವಾ ಥಿನ್ನರ್ ಒಳಗೆ ಹೋಗಿ ಆ ಎಣ್ಣೆಯನ್ನೂ ಕರಗಿಸಿಕೊಂಡು ಹೊರಗೆ ತರುತ್ತೆ. ಸೀಮೆಎಣ್ಣೆ ಆವಿಯಾಗಿ ಹೋದ ಮೇಲೆ ಉಳಿಯೋದು ಇದ್ದ ಎಣ್ಣೆಯನ್ನೂ ಕಳೆದುಕೊಂಡ ರಬ್ಬರ್. ಕುಗ್ಗುತ್ತೆ, ಗಟ್ಟಿಯಾಗುತ್ತೆ. ಆಮೇಲೆ ಏನು ಹಚ್ಚಿದರೂ ಹಳೇ ಅಳತೆಗೆ ಬರಲ್ಲ.

ಅವರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಹಿಂದಿನ ಬಾಗಿಲಿನ ಮೂಲೆಗೆ ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿದಿದ್ದರು. ಮಾಸಿದ ಪ್ಲಾಸ್ಟಿಕ್ ಬಂಪರ್ ಹೀಟ್ ಗನ್ನಿಗೆ ಮತ್ತೆ ಕಪ್ಪಾಗುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಪ್ಲಾಸ್ಟಿಕ್ಕಿಗೇ ಅದು ಸ್ವಲ್ಪ ದಿನದ ಮಾತು. ಇನ್ನು ರಬ್ಬರಿಗೆ ಅದರಿಂದ ಏನೂ ಉಪಯೋಗ ಇಲ್ಲ, ಯಾಕೆಂದರೆ ಒಮ್ಮೆ ಬೇಯಿಸಿ ಗಟ್ಟಿ ಮಾಡಿದ ರಬ್ಬರ್ ಮತ್ತೆ ಕರಗಿ ನಯವಾಗಲ್ಲ, ಸುಡುತ್ತೆ ಅಷ್ಟೇ. ಹೀಟ್ ಗನ್ನಿನ ಗಾಳಿ 500 ಡಿಗ್ರಿ ದಾಟಬಹುದು, ಈ ರಬ್ಬರ್ ಬಹಳ ಕಾಲ ತಡೆದುಕೊಳ್ಳೋದು ಸುಮಾರು 130 ಡಿಗ್ರಿವರೆಗೆ. ಪಕ್ಕದಲ್ಲೇ ಬಣ್ಣ ಇದೆ, ಗಾಜಿದೆ. ಗಾಜಿನ ಒಂದೇ ಜಾಗ ಬಿಸಿಯಾದರೆ ಒಡೆಯುವ ಅಪಾಯ ಬೇರೆ. ನನ್ನ ಗಾಜು ಉಳಿಯಿತು, ಆ ಮೂಲೆಯ ರಬ್ಬರ್ ಮಾತ್ರ ಸುಟ್ಟು ಹೊಳಪು ಬಂದ ಕಲೆಯಾಗಿ ಉಳಿದಿದೆ.

ಜಾಸ್ತಿ ತೊಂದರೆ ಕೊಟ್ಟಿದ್ದು ಮಾತ್ರ ಕಣ್ಣಿಗೆ ಕಾಣದ ಜಾಗ. ಗಾಜು ಮೇಲೆ ಕೆಳಗೆ ಓಡುವ ಕಾಲುವೆಯಂಥ ರಬ್ಬರ್ ಇರುತ್ತಲ್ಲ, ಅದರ ಒಳಮೈಗೆ ಮಖಮಲ್ಲಿನಂಥ ಸಣ್ಣ ನಾರು ಅಂಟಿಸಿರುತ್ತಾರೆ. ಗಾಜು ಜಾರಬೇಕು, ಸದ್ದಾಗಬಾರದು ಅಂತ. ಇವರು ಅದರೊಳಗೂ ಎಣ್ಣೆ ಸುರಿದಿದ್ದರು. ನಾರೆಲ್ಲಾ ಜಿಡ್ಡಾಗಿ ಧೂಳು ಹಿಡಿಯಿತು, ಆ ಧೂಳೇ ಗಾಜಿನ ಮೇಲೆ ಉದ್ದುದ್ದ ಗೀರು ಎಳೆಯಿತು. ಊದಿದ ರಬ್ಬರ್ ಗಾಜನ್ನು ಬಿಗಿಯಾಗಿ ಹಿಡಿದಿದ್ದರಿಂದ ಪವರ್ ವಿಂಡೋ ತೆವಳುತ್ತಾ ಏರತೊಡಗಿತು. ಡ್ರೈವರ್ ಕಡೆಯ ಗಾಜು ಅರ್ಧ ಏರಿ ತಾನೇ ಕೆಳಗಿಳಿಯುತ್ತಿತ್ತು. ಮೋಟಾರ್ ಹೋಯಿತು ಅಂದುಕೊಂಡೆವು. ಮೆಕ್ಯಾನಿಕ್ ನೋಡಿ, ಮೋಟಾರ್ ಚೆನ್ನಾಗಿದೆ, ಗಾಜು ಬಿಗಿಯಾಗಿದ್ದರಿಂದ ಯಾರದೋ ಕೈ ಸಿಕ್ಕಿಕೊಂಡಿದೆ ಅಂತ ತಿಳಿದು ಅದು ವಾಪಸ್ ಇಳಿಸುತ್ತಿದೆ ಎಂದರು. ಕೈ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ ಇರುವ ಕಾರುಗಳಲ್ಲಿ ಹೀಗಾಗುತ್ತೆ. ಕೊನೆಗೆ ಆ ಕಾಲುವೆ ರಬ್ಬರನ್ನೂ ಕೆಳಗಿನ ಹೊರ ಪಟ್ಟಿಗಳನ್ನೂ ಪೂರ್ತಿ ಬದಲಾಯಿಸಬೇಕಾಯಿತು. ಕೆಲಸ ಮಾಡಿದವರು ಒಂದು ಕಾಸೂ ವಾಪಸ್ ಕೊಡಲಿಲ್ಲ, ಕೇಳಿದರೆ "ನಿಮ್ಮ ರಬ್ಬರ್ ಮೊದಲೇ ಹಳೇದಾಗಿತ್ತು" ಅಂತ ನಮಗೇ ಪಾಠ.

ಹಳೇದಾಗಿತ್ತು ನಿಜ. ಆದರೆ ಬೂದು ಬಣ್ಣ ಬಂದ ರಬ್ಬರೆಲ್ಲಾ ಸತ್ತಿರಲ್ಲ. ಮೇಲ್ಪದರ ಬಿಸಿಲಿಗೆ ಸವೆದು ಒರಟಾದಾಗ ಬೆಳಕು ಚದುರಿ ಬೆಳ್ಳಗೆ ಕಾಣುತ್ತೆ. ಉಗುರಿನಿಂದ ಒತ್ತಿ ನೋಡಿ. ತಗ್ಗು ಬಿದ್ದು ಮತ್ತೆ ಮೇಲೆ ಬಂದರೆ ಒಳಗೆ ಚೆನ್ನಾಗಿದೆ, ಮೇಲಿನದ್ದನ್ನು ಮಾತ್ರ ನೋಡಿಕೊಂಡರೆ ಸಾಕು. ಒತ್ತಿದರೆ ಕಲ್ಲಿನ ಹಾಗಿದ್ದರೆ, ಆಳವಾದ ಬಿರುಕಿದ್ದರೆ, ಮೂಲೆಯಲ್ಲಿ ಕುಗ್ಗಿ ಸಂದು ಬಿಟ್ಟಿದ್ದರೆ ಯಾವ ಡಬ್ಬಿಯೂ ಕೆಲಸಕ್ಕೆ ಬರಲ್ಲ, ಹೊಸದು ಹಾಕಿಸಿ. ಬಿರುಕಿಗೆ ಬೂಟ್ ಪಾಲಿಶ್ ತುಂಬೋದು, ಕಪ್ಪು ಪೇಂಟ್ ಹೊಡೆಯೋದು ಸುಮ್ನೆ ದಂಡ. ಪೇಂಟ್ ಗಟ್ಟಿ, ರಬ್ಬರ್ ಬಳುಕುತ್ತೆ, ಸಿಪ್ಪೆ ಏಳುತ್ತೆ.

ಚೆನ್ನಾಗಿರುವ ರಬ್ಬರಿಗೆ ಬೇಕಾಗಿರೋದು ಬಹಳ ಕಡಿಮೆ. ಕಾರು ತೊಳೆಯುವ ಶಾಂಪೂ ನೀರು, ಮೃದುವಾದ ಬ್ರಷ್, ತಾಳ್ಮೆ. ಕೊಳೆ ಹೋದ ಮೇಲೆ ಪೂರ್ತಿ ಒಣಗಲು ಬಿಡಿ. ಆಮೇಲೆ ನೀರು ಆಧಾರಿತ, ಬಿಸಿಲಿನ ಅತಿನೇರಳೆ ಕಿರಣ ತಡೆಯುವ ರಬ್ಬರ್ ಡ್ರೆಸಿಂಗ್ (ರಬ್ಬರಿಗೆ ಹಚ್ಚುವ ದ್ರವ) ತೆಗೆದುಕೊಂಡು ಬಟ್ಟೆಗೆ ಸ್ವಲ್ಪ ಹಾಕಿ ತೆಳ್ಳಗೆ ಒರೆಸಿ, ಜಾಸ್ತಿಯಾದದ್ದನ್ನು ಇನ್ನೊಂದು ಒಣ ಬಟ್ಟೆಯಿಂದ ತೆಗೆಯಿರಿ. ಎದ್ದು ಮಿಂಚಬಾರದು, ಮುಟ್ಟಿದರೆ ಕೈಗೆ ಅಂಟಬಾರದು. ಇದು ಶಾಶ್ವತ ಅಲ್ಲ, ಮತ್ತೆ ಮತ್ತೆ ಹಚ್ಚಬೇಕು. ಶಾಶ್ವತ ಅಂತ ಯಾರಾದರೂ ಹೇಳಿದರೆ ನನಗಂತೂ ಅಲ್ಲೇ ಅನುಮಾನ ಬರುತ್ತೆ. ಗಾಜು ಓಡುವ ಕಾಲುವೆಗೆ ಡ್ರೆಸಿಂಗ್ ಬೇಡವೇ ಬೇಡ. ಗಾಜು ಇಳಿಸಿ ಒದ್ದೆ ಬಟ್ಟೆಯಿಂದ ಒಳಗೆ ಒರೆಸಿ, ಒಣಗಿದ ಮೇಲೆ ಬೇಗ ಒಣಗುವ (ಡ್ರೈ) ಸಿಲಿಕೋನ್ ಸ್ಪ್ರೇ ಸ್ವಲ್ಪವೇ ಸ್ವಲ್ಪ ಬಿಟ್ಟರೆ ಸಾಕು. ಸಿಲಿಕೋನ್ ಇಪಿಡಿಎಂ ಅನ್ನು ಊದಿಸಲ್ಲ.

ಮುಂದಿನ ಗಾಜಿನ ಸುತ್ತ ಇರುವ ರಬ್ಬರನ್ನು ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿ ಅದರ ಕೆಳಗೂ ಹಚ್ಚುತ್ತೀವಿ ಅಂದರೆ ಖಂಡಿತ ಒಪ್ಪಬೇಡಿ. ಈಗಿನ ಕಾರುಗಳಲ್ಲಿ ಆ ಗಾಜು ಯುರೆಥೇನ್ ಅಂಟಿನ ಮೇಲೆ ಕೂತಿರುತ್ತೆ. ಅದು ಕಾರಿನ ಛಾವಣಿಗೂ ಬಲ ಕೊಡುತ್ತೆ. ಅಂಟು ಎದ್ದರೆ ನೀರು ಸೋರುವುದಷ್ಟೇ ಅಲ್ಲ, ಅಂಚಿನ ಬಣ್ಣ ಗೀರಿದ ಜಾಗದಲ್ಲಿ ತುಕ್ಕು ಶುರುವಾಗುತ್ತೆ.

ಸಿಲಿಕೋನ್ ಸ್ಪ್ರೇ ಬಗ್ಗೆಯೂ ಒಂದು ಮಾತು. ಅದು ಹಾರಿ ಮುಂದಿನ ಗಾಜಿಗೆ ಬಿದ್ದರೆ ವೈಪರ್ ಎಳೆದಾಗ ಮಬ್ಬಾಗುತ್ತೆ, ರಾತ್ರಿ ಎದುರಿನ ದೀಪ ಕಣ್ಣಿಗೆ ಹೊಡೆಯುತ್ತೆ. ಹಾಗಾಗಿ ಅಕ್ಕಪಕ್ಕ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಕಾರಿಗೆ ಮುಂದೆ ಪೇಂಟ್ ಮಾಡಿಸುವುದಿದ್ದರೆ ಕಿಟಕಿ ಹತ್ತಿರ ಸಿಲಿಕೋನ್ ಬಳಸಿದ್ದೇನೆ ಅಂತ ಪೇಂಟರ್‌ಗೆ ಮೊದಲೇ ಹೇಳಿ. ಅದರ ಜಿಡ್ಡು ಒಂಚೂರು ಉಳಿದರೂ ಹೊಸ ಬಣ್ಣ ಅಲ್ಲಿ ಕೂರದೆ ಸಣ್ಣ ಸಣ್ಣ ಗುಂಡಿ ಬೀಳುತ್ತೆ. ಅದಕ್ಕಾಗಿ ಅವರು ಮೊದಲೇ ಬೇರೆ ಕ್ಲೀನರ್ ಹಾಕಿ ಒರೆಸಬೇಕು.